ಇಂದಿನ ಧಮ್ಮ ಚಿಂತನೆ: ಕಾಗದ ಹೋಯಿತು, ಕೀಲಿ ಯಾರ ಕೈಯಲ್ಲಿದೆ?



ಗುಂಜಹಳ್ಳಿ, ರಾಯಚೂರು, ದೇವದುರ್ಗ, ಮಾನ್ವಿಯ ಧಮ್ಮ ಬಂಧುಗಳೇ,

ಇಂದಿನ ಅಭ್ಯಾಸದ ಪದ *ಅಪ್ಪಮಾದ*. ಪಾಲಿಯ ಈ ಪದಕ್ಕೆ ಮೈಮರೆಯದಿರುವುದು, ಎಚ್ಚರದಿಂದಿರುವುದು ಎಂದು ಅರ್ಥ. ಭಗವಾನ್ ಬುದ್ಧರು ಪರಿನಿಬ್ಬಾಣಕ್ಕೆ ಮುನ್ನ ಭಿಕ್ಖುಗಳಿಗೆ ಕೊನೆಯದಾಗಿ ಹೇಳಿದ್ದು ಇದನ್ನೇ. ಇದು ಧ್ಯಾನಕ್ಕೆ ಕೂತಾಗ ಮಾತ್ರ ಬೇಕಾದ ಗುಣವಲ್ಲ. ಮಕ್ಕಳನ್ನು ಓದಲು ಹೊರದೇಶಕ್ಕೆ ಕಳಿಸುವ ಮನೆಯಲ್ಲಿ ಇದು ಹೇಗೆ ಬೇಕಾಗುತ್ತದೆ ಎಂದು ಇವತ್ತು ನೋಡೋಣ.

*ಏನು ಬದಲಾಗಿದೆ?*

ಮೊದಲು ಬ್ರಿಟನ್ನಿಗೆ ಓದಲು ಹೋಗುವವರ ಪಾಸ್‌ಪೋರ್ಟಿನಲ್ಲಿ 90 ದಿನದ ವೀಸಾ ಚೀಟಿ ಅಂಟಿಸುತ್ತಿದ್ದರು. ಅಲ್ಲಿಗೆ ಹೋದ ಮೇಲೆ ಫೋಟೊ ಇರುವ ಒಂದು ಕಾರ್ಡು ಕೊಡುತ್ತಿದ್ದರು. ಅದಕ್ಕೆ ಬಿಆರ್‌ಪಿ ಎಂದು ಹೆಸರು. ಆ ಕಾರ್ಡುಗಳ ಕಾಲ 2024ರ ಡಿಸೆಂಬರ್ 31ಕ್ಕೆ ಮುಗಿಯಿತು. 2025ರ ಜುಲೈ 15ರಿಂದ ಓದಲು ಹೋಗುವ ಮುಖ್ಯ ಅರ್ಜಿದಾರರಲ್ಲಿ ಹೆಚ್ಚಿನವರಿಗೆ ಅಂಟಿಸುವ ಚೀಟಿಯೂ ಇಲ್ಲ. ಈಗ ಇರುವುದು ಇ-ವೀಸಾ. ಅದು ಆ ಸರ್ಕಾರದ ಜಾಲತಾಣದಲ್ಲಿ ವಿದ್ಯಾರ್ಥಿಯ ಹೆಸರಿನ ಖಾತೆಯೊಳಗೆ ಇರುತ್ತದೆ. ಆಸ್ಟ್ರೇಲಿಯಾ 2015ರಲ್ಲಿಯೇ ಚೀಟಿ ಅಂಟಿಸುವುದನ್ನು ನಿಲ್ಲಿಸಿದೆ.

ರಾಜ್ಯದ ಪ್ರಬುದ್ಧ ಯೋಜನೆ, ಕೇಂದ್ರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನ ಇವುಗಳಿಂದ ನಮ್ಮ ಸಮಾಜದ ಮಕ್ಕಳಿಗೂ ಈ ದಾರಿ ತೆರೆದಿದೆ. ಆದ್ದರಿಂದ ಇದು ಯಾರದೋ ದೊಡ್ಡವರ ಮನೆಯ ವಿಷಯವಲ್ಲ.

*ಅಜ್ಜಿಯ ಪ್ರಶ್ನೆ*

ಈಚೆಗೆ ನಮ್ಮ ಬಳಗದ ಒಂದು ಮನೆಗೆ ಹೋಗಿದ್ದೆ. ಮೊಮ್ಮಗಳಿಗೆ ಇಂಗ್ಲೆಂಡಿನಲ್ಲಿ ಎಂ.ಎಸ್ಸಿ. ಸೀಟು ಸಿಕ್ಕಿತ್ತು, ವೀಸಾ ಕೂಡ ಮಂಜೂರಾಗಿತ್ತು. ಆದರೆ ಪಾಸ್‌ಪೋರ್ಟಿನ ಹಾಳೆಗಳೆಲ್ಲ ಖಾಲಿ. ಅಜ್ಜಿ ಅದನ್ನು ನನ್ನ ಕೈಗೆ ಕೊಟ್ಟು, "ಅಲ್ಲೋ ತಮ್ಮಾ, ಇದರಾಗ ಮುದ್ರಿನೇ ಇಲ್ಲ. ಇದನ್ನ ನಂಬಿ ಕೂಸಿನ್ನ ವಿಮಾನ ಹತ್ತಸೂದು ಹ್ಯಾಂಗ?" ಎಂದರು.

ಇದು ತಿಳಿಯದವರ ಪ್ರಶ್ನೆ ಎಂದು ನನಗೆ ಅನ್ನಿಸಲಿಲ್ಲ. ಪಹಣಿ, ಹಕ್ಕುಪತ್ರ, ರೇಷನ್ ಕಾರ್ಡು, ಜಾತಿ ಪ್ರಮಾಣಪತ್ರ, ಇವು ಕೈಯಲ್ಲಿ ಇಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು ಉಂಡು ಬಲ್ಲ ತಲೆಮಾರು ಅದು. ಕಾಗದ ಇದ್ದವನ ಮಾತು ನಡೆಯುತ್ತದೆ, ಇಲ್ಲದವನನ್ನು ಹೊರಗೆ ನಿಲ್ಲಿಸುತ್ತಾರೆ ಎಂಬುದು ಅವರ ಅನುಭವ.

"ಖಾತೆ ತೆರೆದು ತೋರಿಸವ್ವಾ" ಎಂದು ಆ ಹುಡುಗಿಗೆ ಹೇಳಿದೆ. ನಿಜವಾದ ತೊಂದರೆ ಆಗ ಗೊತ್ತಾಯಿತು. ಅರ್ಜಿ ತುಂಬಿದ ಏಜೆಂಟ್ ತನ್ನದೇ ಇಮೇಲ್, ತನ್ನದೇ ಮೊಬೈಲ್ ನಂಬರ್ ಹಾಕಿದ್ದ. ಒಳಗೆ ಹೋಗಲು ಬೇಕಾದ ಕೋಡ್ ಅವನ ಫೋನಿಗೆ ಹೋಗುತ್ತಿತ್ತು. ಕೇಳಿದರೆ, ಬಾಕಿ ಹಣ ಕಟ್ಟಿದ ಮೇಲೆ ನೋಡೋಣ ಎಂದ. ಮರುದಿನ ತಂದೆ, ಮಗಳು, ಬಳಗದ ಇಬ್ಬರು ಹೋಗಿ ಅವನೆದುರೇ ಕೂತು ಖಾತೆ ತೆರೆಸಿ, ಇಮೇಲ್ ಮತ್ತು ನಂಬರ್ ಎರಡನ್ನೂ ಹುಡುಗಿಯ ಹೆಸರಿಗೆ ಬದಲಿಸಿಕೊಂಡು ಬಂದರು.

ಕಾಗದವಿದ್ದಾಗ ಅದನ್ನು ಟ್ರಂಕಿನಲ್ಲಿಟ್ಟು ಬೀಗ ಹಾಕುತ್ತಿದ್ದೆವು. ಈಗ ಆ ಟ್ರಂಕಿನ ಕೀಲಿ ಎಂದರೆ ಇಮೇಲ್ ಮತ್ತು ಫೋನ್ ನಂಬರ್. ಕೀಲಿ ಬೇರೆಯವರ ಸೊಂಟದಲ್ಲಿದ್ದರೆ ಟ್ರಂಕು ನಮ್ಮ ಮನೆಯಲ್ಲಿದ್ದೂ ನಮ್ಮದಲ್ಲ. ತನಗೆ ತಾನೇ ಆಸರೆಯಾಗಬೇಕು ಎಂಬ ಬುದ್ಧರ ಬೋಧೆಗೆ ಇಂದಿನ ಕಾಲದಲ್ಲಿ ಇದೂ ಒಂದು ಅರ್ಥ.

*ಮಸ್ಕಿಯ ಪಾಠ*

ಎರಡನೆಯ ತೊಂದರೆ ಹೆಸರಿನದು. ನಮ್ಮ ಸೀಮೆಯ ಮಸ್ಕಿಯ ಬಂಡೆ ಎಲ್ಲರಿಗೂ ಗೊತ್ತು. ಹಲವು ಶಾಸನಗಳಲ್ಲಿ ದೊರೆಯನ್ನು ದೇವಾನಾಂಪ್ರಿಯ, ಪ್ರಿಯದರ್ಶಿ ಎಂದಷ್ಟೇ ಕರೆದಿತ್ತು. ಈ ಪ್ರಿಯದರ್ಶಿಯೇ ಬೌದ್ಧ ಗ್ರಂಥಗಳ ಅಶೋಕ ಎಂದು ವಿದ್ವಾಂಸರು ಹೇಳುತ್ತಿದ್ದರೂ ಬಂಡೆಯ ಸಾಕ್ಷಿ ಇರಲಿಲ್ಲ. 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ಮಸ್ಕಿಯ ಶಾಸನವನ್ನು ಕಂಡುಹಿಡಿದ. ಅದರಲ್ಲಿ ಅಶೋಕ ಎಂಬ ಹೆಸರೇ ಕೆತ್ತಿತ್ತು, ಸಂಶಯ ಹರಿಯಿತು.

ಚಕ್ರವರ್ತಿಗೇ ಹೆಸರು ತಾಳೆಯಾಗಬೇಕಾಯಿತು ಎಂದ ಮೇಲೆ ನಮ್ಮ ಮಕ್ಕಳ ಮಾತೇನು? ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್, ಆಧಾರ್‌ನಲ್ಲಿ ತಂದೆಯ ಪೂರ್ಣ ಹೆಸರು, ಪಾಸ್‌ಪೋರ್ಟಿನಲ್ಲಿ ಅಡ್ಡಹೆಸರಿನ ಜಾಗ ಖಾಲಿ. ದೀಕ್ಷೆ ಪಡೆದ ಮೇಲೆ ಹೆಸರು ಬದಲಿಸಿಕೊಂಡ ಮನೆಗಳಲ್ಲಿ ಇನ್ನೊಂದು ಹೆಸರು. ಎದುರಿಗೆ ಕೂತ ಗುಮಾಸ್ತನಿಗೆ ಬಾಯಿಮಾತಿನಲ್ಲಿ ತಿಳಿಸಬಹುದು. ಕಂಪ್ಯೂಟರಿಗೆ ಅಕ್ಷರ ಮಾತ್ರ ಗೊತ್ತು.

*ನೆನಪಿಡಬೇಕಾದ ಐದು ಮಾತು*

1. ಖಾತೆಗೆ ವಿದ್ಯಾರ್ಥಿಯ ಸ್ವಂತ ಇಮೇಲ್, ಸ್ವಂತ ನಂಬರ್ ಇರಲಿ. ಅರ್ಜಿ ತುಂಬಲು ನೆರವು ಪಡೆಯಿರಿ, ಪಾಸ್‌ವರ್ಡ್ ಒಪ್ಪಿಸಬೇಡಿ. ಊರಿನ ಸಿಮ್ ಬಂದ್ ಆಗುವ ಮೊದಲು ಹೊಸ ನಂಬರ್ ಸೇರಿಸಿ.

2. ಯಾವ ಪಾಸ್‌ಪೋರ್ಟಿನಲ್ಲಿ ಪ್ರಯಾಣವೋ ಅದೇ ಖಾತೆಗೆ ಜೋಡಣೆಯಾಗಿರಬೇಕು. ಪಾಸ್‌ಪೋರ್ಟ್ ಹೊಸದಾದರೆ ಖಾತೆಯಲ್ಲೂ ಬದಲಿಸಬೇಕು.

3. ಹೊರಡುವ ಮೊದಲೇ ಖಾತೆ ತೆರೆದು ಹೆಸರು, ಹುಟ್ಟಿದ ದಿನ, ಫೋಟೊ, ವೀಸಾ ಮುಗಿಯುವ ದಿನ ಓದಿ ನೋಡಿ. ತಪ್ಪಿದ್ದರೆ ಆಗಲೇ ತಿದ್ದಿಸಿ.

4. ಬಾಡಿಗೆ ಮನೆಯವರಿಗೆ, ಕೆಲಸ ಕೊಡುವವರಿಗೆ ತೋರಿಸಲು ಖಾತೆಯಿಂದ ಶೇರ್ ಕೋಡ್ ತೆಗೆಯಬೇಕು. ಅದು 90 ದಿನ ನಡೆಯುತ್ತದೆ, ಆಮೇಲೆ ಹೊಸದು ತೆಗೆಯಬಹುದು. ಅವರಿಗೆ ಕೋಡ್ ಮತ್ತು ಹುಟ್ಟಿದ ದಿನ ಸಾಕು, ಪಾಸ್‌ವರ್ಡ್ ಬೇಡ.

5. ಮಂಜೂರಾತಿಯ ಇಮೇಲನ್ನು ಮುದ್ರಿಸಿ ಮನೆಯಲ್ಲೊಂದು ಪ್ರತಿ ಇಡಿ. ಅದು ವೀಸಾ ಅಲ್ಲ. ಆದರೆ ತೊಂದರೆ ಬಂದಾಗ ಅರ್ಜಿಯ ವಿವರ ಕೈಗೆ ಸಿಗುತ್ತದೆ.

*ಬಾಬಾಸಾಹೇಬರು ಕಾದ ವೀಸಾ*

ಬಾಬಾಸಾಹೇಬರು 1913ರಲ್ಲಿ ಬರೋಡದ ಸಯಾಜಿರಾವ್ ಮಹಾರಾಜರ ವಿದ್ಯಾರ್ಥಿವೇತನ ಪಡೆದು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೋದರು. 1916ರಲ್ಲಿ ಲಂಡನ್ನಿಗೆ ಹೋದರು. ಎರಡೂ ದೇಶಗಳಲ್ಲಿ ಅವರಿಗೆ ಓದಲು ಜಾಗ ಸಿಕ್ಕಿತು. 1917ರಲ್ಲಿ ಬರೋಡದ ಕೆಲಸಕ್ಕೆ ಬಂದಾಗ ತಂಗಲು ಒಂದು ಕೋಣೆ ಸಿಗಲಿಲ್ಲ. ಪಾರ್ಸಿಗಳ ವಸತಿಗೃಹದಲ್ಲಿ ಪಾರ್ಸಿ ಹೆಸರಿನಲ್ಲಿ ಇರಬೇಕಾಯಿತು. ಹನ್ನೊಂದನೆಯ ದಿನ ಜನ ದೊಣ್ಣೆ ಹಿಡಿದು ಬಂದು ಹೊರಡಿಸಿದರು.

ಈ ಘಟನೆ ಇರುವ ಅವರ ಆತ್ಮಕಥನದ ಹೆಸರು ‘ವೇಟಿಂಗ್ ಫಾರ್ ಎ ವೀಸಾ’, ಅಂದರೆ ವೀಸಾಕ್ಕಾಗಿ ಕಾಯುತ್ತ. 1935-36ರ ಸುಮಾರಿಗೆ ಬರೆದದ್ದು, ಪೀಪಲ್ಸ್ ಎಜುಕೇಷನ್ ಸೊಸೈಟಿ ಪ್ರಕಟಿಸಿದ್ದು 1990ರಲ್ಲಿ. ಅದರಲ್ಲಿ ಇರುವುದು ಹೊರದೇಶದ ವೀಸಾದ ಕಥೆಯಲ್ಲ. ತನ್ನ ದೇಶದ ಕೆರೆಗೆ, ಗಾಡಿಗೆ, ಮನೆಗೆ ಪ್ರವೇಶ ಸಿಗದವರ ಕಥೆ. ಆ ವೀಸಾವನ್ನು ಯಾವ ಕಚೇರಿಯೂ ಕೊಡಲಾರದು, ಯಾವ ಪರದೆಯ ಮೇಲೂ ಅದು ಮೂಡುವುದಿಲ್ಲ. ಮನುಷ್ಯನನ್ನು ಹುಟ್ಟಿನಿಂದ ಅಳೆಯದೆ ನಡತೆಯಿಂದ ಅಳೆಯುವ ಧಮ್ಮದಿಂದಲೇ ಅದು ಬರಬೇಕು. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರು ನಮಗೆ ತೋರಿಸಿದ ದಾರಿ ಅದು.

ಆದ್ದರಿಂದ ಮಕ್ಕಳಿಗೆ ಎರಡನ್ನೂ ಕೊಟ್ಟು ಕಳಿಸೋಣ. ಒಂದು, ತನ್ನ ದಾಖಲೆಯನ್ನು ತಾನೇ ತೆರೆದು ತೋರಿಸುವ ಎಚ್ಚರ. ಇನ್ನೊಂದು, ಯಾವ ಊರಿನಲ್ಲೂ ಹೆಸರು ಮರೆಮಾಚದೆ ಬದುಕುವ ಧೈರ್ಯ. ಚೀಟಿ ಹೋಯಿತು, ಕಾರ್ಡು ಹೋಯಿತು, ನಾಳೆ ಈ ಪರದೆಯೂ ಬದಲಾಗುತ್ತದೆ. ಎಲ್ಲವೂ ಅನಿತ್ಯ. ಎಚ್ಚರವಿದ್ದವರು ಪ್ರತಿ ಬದಲಾವಣೆಯಲ್ಲೂ ದಾರಿ ಕಾಣುತ್ತಾರೆ.

*ಇಂದಿನ ಅಭ್ಯಾಸ:* ಮನೆಯ ಪ್ರತಿಯೊಬ್ಬರ ದಾಖಲೆಗಳನ್ನು ಒಂದು ಕಡೆ ಹರಡಿ, ಹೆಸರಿನ ಅಕ್ಷರ ತಾಳೆ ನೋಡಿ. ಯಾರ ಯಾವ ಖಾತೆಗೆ ಯಾರ ನಂಬರ್ ಇದೆ ಎಂದು ಬರೆದಿಡಿ. ಭಾನುವಾರದ ಸಭೆಗೆ ಆ ಹಾಳೆ ತನ್ನಿ, ಕೂಡಿ ತಿದ್ದೋಣ. ಓದು ಬಾರದ ಹಿರಿಯರಿಗೆ ಇದನ್ನು ಓದಿ ಹೇಳಿ.

ಎಲ್ಲರಿಗೂ ಮಂಗಳವಾಗಲಿ. ಜೈ ಭೀಮ್ 💙