ಎಫ್‌ಸಿ ನೋಡಿದೆಯಾ ಅಳಿಯಾ?

ಸೆಕೆಂಡ್ ಹ್ಯಾಂಡ್ ಪಿಕಪ್ ತಗೊಂಡೆಯಂತೆ, ಸಂತೋಷ. ಸೀಜನ್ನಿನಲ್ಲಿ ಶ್ರೀನಿವಾಸಪುರದ ಮಾವಿನ ಮಂಡಿ, ಉಳಿದ ದಿನ ಕೋಲಾರದ ಟೊಮೆಟೊ ಮಾರ್ಕೆಟ್, ಬಾಡಿಗೆಗೆ ಬರವಿಲ್ಲ. ಆದರೆ ಇಂಜಿನ್ ಶಬ್ದ ಕೇಳಿ, ಟೈರು ಒದ್ದು ನೋಡಿದವನು ಎಫ್‌ಸಿ ಅಂದರೆ ಫಿಟ್‌ನೆಸ್ ಸರ್ಟಿಫಿಕೇಟ್ ಎಲ್ಲಿಯವರೆಗಿದೆ ಅಂತ ಕೇಳಿದೆಯಾ?

1988ರ ಮೋಟಾರು ವಾಹನ ಕಾಯ್ದೆಯ 56ನೇ ಸೆಕ್ಷನ್ ಪ್ರಕಾರ, ಎಫ್‌ಸಿ ಇಲ್ಲದ ಬಾಡಿಗೆ ಗಾಡಿಗೆ ರಿಜಿಸ್ಟ್ರೇಷನ್ನೇ ಇಲ್ಲದ ಲೆಕ್ಕ. ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ವರ್ಷ ವರ್ಷ ಮಾಡಿಸಬೇಕು. ಒಟ್ಟು ತೂಕ 3,000 ಕೆಜಿ ದಾಟದ ಗೂಡ್ಸ್ ಗಾಡಿಗೆ ಪರ್ಮಿಟ್ ಬೇಡ ಅಂತ ಮಾಲೂರಿನ ಇಟ್ಟಿಗೆ ಫ್ಯಾಕ್ಟರಿ ಹತ್ತಿರ ಹುಡುಗರು ಹೇಳುತ್ತಾರಲ್ಲ, ಅದು ನಿಜ. ಎಫ್‌ಸಿಯೂ ಬೇಡ ಅನ್ನುತ್ತಾರೆ, ಅದು ಸುಳ್ಳು.

ಆರ್‌ಟಿಒಗೆ ಹೋಗುವ ಮುಂಚೆ ಬ್ರೇಕು, ಹ್ಯಾಂಡ್‌ಬ್ರೇಕು, ಇಂಡಿಕೇಟರು, ವೈಪರು ನೀನೇ ನೋಡು. ಹಿಂದಿನ ಕೆಂಪು ರಿಫ್ಲೆಕ್ಟರ್ ಟೇಪಿನ ಮೇಲಿನ ಮಣ್ಣು ಒರೆಸು. ಮುಳಬಾಗಿಲಿನ ಹೈವೇಯಲ್ಲಿ ರಾತ್ರಿ ಗಾಡಿ ಕೆಟ್ಟು, ಲೈಟೂ ಹೋದರೆ, ಹಿಂದೆ ಬರುವ ಲಾರಿಯವನಿಗೆ ಕಾಣುವುದು ಅದೊಂದೇ. ಕೆಲವರು ಎಫ್‌ಸಿಗೆಂದು ಒಳ್ಳೆ ಟೈರು ಕೇಳಿ ತಂದು ಹಾಕಿ, ಸಂಜೆ ಬಿಚ್ಚಿ ವಾಪಸ್ ಕೊಡುತ್ತಾರೆ. ಬ್ರೇಕ್ ಇನ್‌ಸ್ಪೆಕ್ಟರಿಗೆ ಟೋಪಿ ಹಾಕಿದೆವು ಅಂದುಕೊಂಡು, ಸವೆದ ಟೈರಿನ ಮೇಲೆ ತಾವೇ ಕೂತು ಹೋಗುತ್ತಾರೆ. ಅದೇನು ಬುದ್ಧಿಯೋ!

ನಂಗಲಿ ದಾಟಿ ಆಂಧ್ರಕ್ಕೆ ಲೋಡ್ ಹೊಡೆಯುವಾಗ ತೂಕದ ಮೇಲೆ ಕಣ್ಣಿರಲಿ. ಟೊಮೆಟೊ ಬಾಕ್ಸು 15 ಕೆಜಿ. 67 ಬಾಕ್ಸು ಜಾಸ್ತಿ ಹಾಕಿದರೆ ಟನ್ ಮೀರಿತು. 194ನೇ ಸೆಕ್ಷನ್ನಿನಲ್ಲಿ ಓವರ್‌ಲೋಡಿಗೆ 20,000 ರೂಪಾಯಿ ದಂಡ, ಅದರ ಮೇಲೆ ಟನ್ನಿಗೆ 2,000. ಜಾಸ್ತಿ ಮಾಲು ಇಳಿಸುವ ತನಕ ಗಾಡಿ ಕದಲುವಂತಿಲ್ಲ, ಇಳಿಸುವ ಖರ್ಚೂ ನಿನ್ನದೇ. ತೂಕಕ್ಕೆ ನಿಲ್ಲಿಸದೆ ಓಡಿದರೆ 40,000.

ಮಾವು ಕೀಳುವ ಕೂಲಿಯವರನ್ನು ಮಾಲಿನ ಮೇಲೆ ಕೂರಿಸಬೇಡ. ಕಾಲು ನೋಯುತ್ತದೆ ಅಣ್ಣ ಅಂತ ಅವರೇ ಕೇಳಿದರೂ ಸರಿ. ಮಾಲಿನ ಯಜಮಾನ ಜೊತೆಗೆ ಬಂದರೆ ಇನ್ಶೂರೆನ್ಸ್ ಉಂಟು. ಸುಮ್ಮನೆ ಹತ್ತಿಸಿಕೊಂಡವರಿಗೆ ಏನಾದರೂ ಆದರೆ ಪರಿಹಾರ ನಿನ್ನ ತಲೆಗೇ ಬರುತ್ತದೆ.

ಯೂನಿಫಾರ್ಮಿನಲ್ಲಿರುವ ಪೊಲೀಸರು ಕೈ ತೋರಿಸಿದರೆ ನಿಲ್ಲಿಸಿ, ಲೈಸೆನ್ಸ್ ತೋರಿಸು. ಕಾಗದ ಮನೆಯಲ್ಲಿದ್ದರೆ ಡಿಜಿಲಾಕರ್ ನಡೆಯುತ್ತದೆ, 2018ರಲ್ಲೇ ನಿಯಮ ತಿದ್ದಿದ್ದಾರೆ. ವಾಟ್ಸ್ಆ್ಯಪ್‌ನಲ್ಲಿ ಬಂದ ಫೋಟೊ ನಂಬಿಕೊಂಡು ಹೊರಡಬೇಡ. ದಂಡ ಕಟ್ಟಿದರೆ ರಸೀದಿ ಕೇಳಿ ತಗೋ.

ಇನ್ನೊಂದು. ಗಾಡಿ ಕೊಂಡ 30 ದಿನದೊಳಗೆ ಆರ್‌ಸಿ ನಿನ್ನ ಹೆಸರಿಗೆ ಮಾಡಿಸಲು ಅರ್ಜಿ ಹಾಕಬೇಕು. ಭಾನುವಾರ ಕಾಗದವೆಲ್ಲ ತಗೊಂಡು ಬಾ, ಕೂತು ನೋಡೋಣ.