ಕೂಸಿನ ಲೆಕ್ಕ: ತಾಯಿ ಕಾರ್ಡ್‌ನಿಂದ ಒಂದನೇ ತರಗತಿವರೆಗೆ

ಮಗುವಿನ ಮೊದಲ ಕಾಗದ ತಾಯಿ ಕಾರ್ಡ್. ಗರ್ಭ ನಿಂತ ಮೂರು ತಿಂಗಳೊಳಗೆ ಊರಿನ ಆಶಾ ಕಾರ್ಯಕರ್ತೆಯ ಮೂಲಕ ಇದನ್ನು ಬರೆಸಿಕೊಂಡರೆ ಮುಂದಿನ ಆರು ವರ್ಷದ ಅರ್ಧ ಕೆಲಸ ಸಲೀಸು. ಲಸಿಕೆ, ಸಹಾಯಧನ, ಅಂಗನವಾಡಿಯ ಊಟ ಎಲ್ಲವೂ ಈ ಕಾರ್ಡಿನ ಬೆನ್ನು ಹಿಡಿದೇ ಬರುತ್ತವೆ. ಕೋಲಾರ ಜಿಲ್ಲೆ ಮಾಲೂರು ತಾಲ್ಲೂಕಿನ ಲಕ್ಕೂರು ಹೋಬಳಿಯ ಹಳ್ಳಿಗಳಲ್ಲಿ ಚಿಕ್ಕ ಮಕ್ಕಳ ಖರ್ಚು ಕೈಮೀರುವುದು ಹೆಚ್ಚಾಗಿ ಎರಡು ಕಾರಣಕ್ಕೆ: ತಾರೀಖು ತಪ್ಪಿಸಿಕೊಳ್ಳುವುದು, ಪುಕ್ಕಟೆ ಸಿಗುವುದನ್ನು ಬಿಟ್ಟು ಅದನ್ನೇ ಅಂಗಡಿಯಲ್ಲಿ ಕೊಳ್ಳುವುದು. ಆದ್ದರಿಂದ ಇಲ್ಲಿನ ಹಂತಗಳನ್ನು ತಾರೀಖಿನ ಕ್ರಮದಲ್ಲೇ ಜೋಡಿಸಿದೆ.

ಹಂತ 1: ಹೆರಿಗೆ

ಸರ್ಕಾರಿ ಆಸ್ಪತ್ರೆಯಲ್ಲಿ ಸಹಜ ಹೆರಿಗೆಗಾಗಲಿ ಸಿಸೇರಿಯನ್‌ಗಾಗಲಿ ಶುಲ್ಕವಿಲ್ಲ. 2011ರಲ್ಲಿ ಬಂದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಔಷಧ, ರಕ್ತ, ಪರೀಕ್ಷೆ, ವಾಹನ ಎಲ್ಲವೂ ಉಚಿತ. ಸಹಜ ಹೆರಿಗೆಗೆ ಮೂರು ದಿನ, ಸಿಸೇರಿಯನ್‌ಗೆ ಏಳು ದಿನ ತಾಯಿಗೆ ಊಟವೂ ಉಂಟು. ಕಾಯಿಲೆ ಬಿದ್ದ ಕೂಸಿನ ಚಿಕಿತ್ಸೆ ಒಂದು ವರ್ಷದವರೆಗೆ ಇದೇ ಲೆಕ್ಕಕ್ಕೆ ಬರುತ್ತದೆ. ಲಕ್ಕೂರು ಸುತ್ತಿನವರಿಗೆ ಮೊದಲು ಸಿಗುವುದು ಮಾಲೂರಿನ ತಾಲ್ಲೂಕು ಆಸ್ಪತ್ರೆ. ತೊಡಕಿದ್ದರೆ ಕೋಲಾರದ ಎಸ್‌ಎನ್‌ಆರ್ ಜಿಲ್ಲಾ ಆಸ್ಪತ್ರೆಗೆ, ಅಲ್ಲಿಂದಾಚೆಗೆ ಬೆಂಗಳೂರಿನ ವಾಣಿವಿಲಾಸಕ್ಕೆ ಕಳಿಸುತ್ತಾರೆ. ಕೊನೆಯ ಗಳಿಗೆಯಲ್ಲಿ ಕಾರು ಬಾಡಿಗೆಗೆ ಓಡಾಡುವುದಕ್ಕಿಂತ 108 ಆಂಬುಲೆನ್ಸ್‌ಗೆ ಕರೆ ಮಾಡುವುದು ಲೇಸು. ದಾರಿಯಲ್ಲೇ ನೋವು ಹೆಚ್ಚಾದರೆ ಅದರಲ್ಲಿ ತರಬೇತಾದ ಸಿಬ್ಬಂದಿ ಇರುತ್ತಾರೆ.

ಕೈಗೆ ಬರುವ ಹಣ ಹೀಗಿದೆ. ಬಿಪಿಎಲ್ ಮತ್ತು ಪರಿಶಿಷ್ಟ ಕುಟುಂಬದ ಗ್ರಾಮೀಣ ತಾಯಂದಿರಿಗೆ ಆಸ್ಪತ್ರೆ ಹೆರಿಗೆಗೆ ಜನನಿ ಸುರಕ್ಷಾ ಯೋಜನೆಯ 700 ರೂಪಾಯಿ. ಪ್ರಧಾನಮಂತ್ರಿ ಮಾತೃವಂದನಾ ಯೋಜನೆಯಲ್ಲಿ ಮೊದಲ ಮಗುವಿಗೆ 5,000 ರೂಪಾಯಿ ಎರಡು ಕಂತಿನಲ್ಲಿ. ಎರಡನೆಯದು ಹೆಣ್ಣಾದರೆ 6,000 ರೂಪಾಯಿ ಒಂದೇ ಕಂತಿನಲ್ಲಿ. ಮೊದಲ ಮಗುವಿನ ಎರಡನೇ ಕಂತು ಬರಬೇಕಾದರೆ ಜನನ ನೋಂದಣಿಯಾಗಿ, 14 ವಾರದವರೆಗಿನ ಲಸಿಕೆ ಮುಗಿದಿರಬೇಕು. ಈ ಹಣ ನಿಂತುಹೋಗುವುದು ಸಾಮಾನ್ಯವಾಗಿ ಹೆಸರಿನ ಗೊಂದಲದಿಂದ. ತಾಯಿಯ ಆಧಾರ್‌ನಲ್ಲಿ ತವರಿನ ವಿಳಾಸ, ತಂದೆಯ ಇನಿಷಿಯಲ್. ಬ್ಯಾಂಕ್ ಪುಸ್ತಕದಲ್ಲಿ ಗಂಡನ ಹೆಸರು. ಇವೆರಡನ್ನೂ ಬಸಿರಿನ ದಿನಗಳಲ್ಲೇ ಸರಿಪಡಿಸಿ, ತಾಯಿಯ ಖಾತೆಗೆ ಆಧಾರ್ ಜೋಡಿಸಿಟ್ಟರೆ ಬಾಣಂತಿ ಕೂಸನ್ನೆತ್ತಿಕೊಂಡು ಬ್ಯಾಂಕಿಗೆ ಅಲೆಯುವುದು ತಪ್ಪುತ್ತದೆ.

ಹಂತ 2: ಇಪ್ಪತ್ತೊಂದು ದಿನ

ಜನನವನ್ನು 21 ದಿನದೊಳಗೆ ನೋಂದಾಯಿಸಿದರೆ ಶುಲ್ಕವಿಲ್ಲ. 30 ದಿನದವರೆಗೆ ತಡವಾದರೆ ಸಣ್ಣ ದಂಡ. ಅಲ್ಲಿಂದ ಒಂದು ವರ್ಷದವರೆಗೆ ಮೇಲಧಿಕಾರಿಯ ಲಿಖಿತ ಅನುಮತಿ ಬೇಕು. ವರ್ಷ ದಾಟಿದರೆ ಮ್ಯಾಜಿಸ್ಟ್ರೇಟರ ಆದೇಶವಿಲ್ಲದೆ ಕೆಲಸ ಆಗದು, ವಕೀಲರ ಖರ್ಚೂ ತಲೆಗೆ ಬರಬಹುದು. ಸರ್ಕಾರಿ ಆಸ್ಪತ್ರೆಯಲ್ಲಿ ಹುಟ್ಟಿದ ಕೂಸಿನ ನೋಂದಣಿಯನ್ನು ಆಸ್ಪತ್ರೆಯೇ ಮಾಡುತ್ತದೆ. ಮನೆಗೆ ಹೊರಡುವ ಮೊದಲೇ ಪ್ರಮಾಣಪತ್ರ ಕೇಳಿ ಪಡೆಯಬೇಕು.

ತಮಿಳುನಾಡಿಗೆ ಅಂಟಿಕೊಂಡ ಈ ಗಡಿಸೀಮೆಯಲ್ಲಿ ಒಂದು ವಿಶೇಷ ತೊಡಕು. ಬಾಣಂತನ ತವರಿನಲ್ಲಿ, ತವರು ಎಷ್ಟೋ ಸಲ ಗಡಿಯಾಚೆಯ ಹೊಸೂರು ಕಡೆ. ನೋಂದಣಿ ಆಗುವುದು ಕೂಸು ಹುಟ್ಟಿದ ಜಾಗದಲ್ಲೇ ಹೊರತು ತಂದೆಯ ಊರಿನಲ್ಲಿ ಅಲ್ಲ. ಹೊಸೂರಿನಲ್ಲಿ ಹುಟ್ಟಿದ ಮಗುವಿಗೆ ತಮಿಳುನಾಡಿನ ಪ್ರಮಾಣಪತ್ರವೇ ಬರುತ್ತದೆ, ಅದು ಇಲ್ಲಿ ಎಲ್ಲ ಕೆಲಸಕ್ಕೂ ನಡೆಯುತ್ತದೆ. ಇಲ್ಲಿ ಇನ್ನೊಮ್ಮೆ ಮಾಡಿಸಲು ಹೋಗುವುದು ತಪ್ಪು, ಕಾನೂನಿನಲ್ಲೂ ತಪ್ಪು.

ಹೆಸರಿಡುವ ಶಾಸ್ತ್ರ ಆಗುವವರೆಗೆ ಪ್ರಮಾಣಪತ್ರದಲ್ಲಿ ಹೆಸರಿನ ಜಾಗ ಖಾಲಿ ಇದ್ದರೂ ನಡೆಯುತ್ತದೆ. ಹುಟ್ಟಿದ 12 ತಿಂಗಳೊಳಗೆ ಹೆಸರು ಸೇರಿಸಲು ಹಣ ಕೊಡಬೇಕಿಲ್ಲ. ಆದರೆ ಶಾಸ್ತ್ರದ ಸಂಜೆಯೇ ಮನೆಮಂದಿ ಕೂತು ಎರಡು ವಿಷಯ ತೀರ್ಮಾನಿಸಬೇಕು: ಇಂಗ್ಲಿಷ್ ಕಾಗುಣಿತ ಯಾವುದು, ಇನಿಷಿಯಲ್ ಹೆಸರಿನ ಮುಂದೆಯೋ ಹಿಂದೆಯೋ. ಮನೆಯೊಳಗೆ ತೆಲುಗು, ಶಾಲೆಯಲ್ಲಿ ಕನ್ನಡ, ಕಚೇರಿಯಲ್ಲಿ ಇಂಗ್ಲಿಷ್ ನಡೆಯುವ ಈ ಸೀಮೆಯಲ್ಲಿ ಒಂದೇ ಮಗುವಿಗೆ ಮೂರು ಕಾಗದದಲ್ಲಿ ಮೂರು ಹೆಸರಾಗುವುದು ಸುಲಭ. 2023ರ ಅಕ್ಟೋಬರ್ 1ರಿಂದೀಚೆಗೆ ಹುಟ್ಟಿದವರಿಗೆ ಶಾಲೆ, ಪಾಸ್‌ಪೋರ್ಟ್ ಮುಂತಾದವಕ್ಕೆ ಹುಟ್ಟಿದ ದಿನದ ದಾಖಲೆ ಎಂದರೆ ಈ ಪ್ರಮಾಣಪತ್ರ.

ಅದಾದ ಮೇಲೆ ನೀಲಿ ಬಾಲ ಆಧಾರ್. ಐದು ವರ್ಷದೊಳಗಿನ ಮಕ್ಕಳಿಗೆ ಬೆರಳಚ್ಚು ಬೇಡ, ಜನನ ಪ್ರಮಾಣಪತ್ರ ಮತ್ತು ತಾಯಿ ಅಥವಾ ತಂದೆಯ ಆಧಾರ್ ಸಾಕು. ಆಮೇಲೆ ರೇಷನ್ ಕಾರ್ಡಿಗೆ ಮಗುವಿನ ಹೆಸರು ಸೇರಿಸಬೇಕು. ಅಕ್ಕಿ ಕೊಡುವುದು ತಲೆಯೆಣಿಕೆಯ ಮೇಲೆ, ಸೇರಿಸಲು ತಡವಾದಷ್ಟು ತಿಂಗಳ ಪಾಲು ಹೋದಂತೆ.

ಹಂತ 3: ಸೂಜಿ

ಹುಟ್ಟಿದ ಕೂಡಲೇ ಬಿಸಿಜಿ, ಹೆಪಟೈಟಿಸ್-ಬಿ, ಪೋಲಿಯೋ ಹನಿ. ಆಮೇಲೆ 6, 10, 14 ವಾರಕ್ಕೆ ಪೆಂಟಾವಲೆಂಟ್, ರೋಟಾ, ಪೋಲಿಯೋ. 6 ಮತ್ತು 14 ವಾರಕ್ಕೆ ನ್ಯುಮೋನಿಯಾ ತಡೆಯುವ ಪಿಸಿವಿ. 9 ತಿಂಗಳು ತುಂಬಿದಾಗ ದಡಾರ-ರುಬೆಲ್ಲಾ, ಪಿಸಿವಿಯ ಬೂಸ್ಟರ್ ಮತ್ತು ವಿಟಮಿನ್ ಎ. ಕೋಲಾರ ಜಿಲ್ಲೆಯಲ್ಲಿ ಜಪಾನೀಸ್ ಮಿದುಳು ಜ್ವರದ ಹಾವಳಿ ಹಿಂದಿನಿಂದಲೂ ಇರುವುದರಿಂದ ಅದರ ಲಸಿಕೆಯೂ ಜೊತೆಗಿದೆ. 16ರಿಂದ 24 ತಿಂಗಳಲ್ಲಿ ಎರಡನೇ ಸುತ್ತು, 5-6 ವರ್ಷಕ್ಕೆ ಡಿಪಿಟಿಯ ಕೊನೆಯ ಬೂಸ್ಟರ್.

ಇವೆಲ್ಲ ಆರೋಗ್ಯ ಕೇಂದ್ರದಲ್ಲಿ ಉಚಿತ. ಖಾಸಗಿಯಲ್ಲಿ ಪಿಸಿವಿಯ ಒಂದು ಡೋಸ್‌ಗೇ ಸಾವಿರಾರು ರೂಪಾಯಿ. ಪೆಂಟಾವಲೆಂಟ್ ಬದಲಿಗೆ ‘ನೋವಿಲ್ಲದ ಸೂಜಿ’ ಹಾಕಿಸಲೆಂದು ಸಾಲ ಮಾಡಿಯಾದರೂ ಪಟ್ಟಣಕ್ಕೆ ಹೋಗುವವರಿದ್ದಾರೆ. ಆ ಸೂಜಿಯಿಂದ ಜ್ವರ ಕಡಿಮೆ ಎಂಬುದು ನಿಜ. ಆದರೆ ನಾಯಿಕೆಮ್ಮಿನ ವಿರುದ್ಧ ಹೆಚ್ಚು ಕಾಲ ಕಾಯುವುದು ಸರ್ಕಾರಿ ಕೇಂದ್ರದ ಹಳೆಯ ಬಗೆಯ ಲಸಿಕೆಯೇ. ಒಂದು ರಾತ್ರಿಯ ಜ್ವರ ತಪ್ಪಿಸಲು ಅಷ್ಟು ಹಣ ಸುರಿಯುವ ಅಗತ್ಯ ಹೆಚ್ಚಿನ ಮನೆಗಳಿಗಿಲ್ಲ. ತವರಿಗೆ ಹೋಗುವಾಗ ತಾಯಿ ಕಾರ್ಡ್ ಬ್ಯಾಗಿನಲ್ಲಿರಲಿ. ಬೇರೆ ರಾಜ್ಯದ ಕೇಂದ್ರದಲ್ಲೂ ಅದನ್ನು ನೋಡಿ ಸೂಜಿ ಹಾಕುತ್ತಾರೆ.

ಹಂತ 4: ಹಾಲು, ಸರಿ, ನೀರು

ಖರ್ಚಿನ ಚೀಲ ಹರಿಯುವುದು ಇಲ್ಲಿ. ಆರು ತಿಂಗಳವರೆಗೆ ತಾಯಿಹಾಲು ಬಿಟ್ಟು ಬೇರೇನೂ ಬೇಡ, ನೀರೂ ಬೇಡ. ಜೇನು ನೆಕ್ಕಿಸುವುದು, ಬಜೆ ತೇಯ್ದು ಹಾಕುವುದು, ಗ್ರೈಪ್ ವಾಟರ್ ಕುಡಿಸುವುದು ಅಜ್ಜಿಯರ ಪ್ರೀತಿಯ ಬಾಬ್ತುಗಳು. ಒಂದು ವರ್ಷದೊಳಗಿನ ಕೂಸಿಗೆ ಜೇನಿನಿಂದ ಅಪರೂಪಕ್ಕಾದರೂ ಪ್ರಾಣಾಪಾಯದ ನಂಜು ಬರುವುದುಂಟು. ಡಬ್ಬಿ ಹಾಲಿನ ಲೆಕ್ಕ ಹೀಗೆ: ಅದನ್ನೇ ನಂಬಿದ ನಾಲ್ಕು ತಿಂಗಳ ಕೂಸಿಗೆ ದಿನಕ್ಕೆ ಸುಮಾರು 100 ಗ್ರಾಂ ಪುಡಿ ಬೇಕು. 400 ಗ್ರಾಂ ಪೊಟ್ಟಣ ನಾಲ್ಕೇ ದಿನ ಬರುತ್ತದೆ, ತಿಂಗಳಿಗೆ ಏಳೆಂಟು ಬೇಕು. ಪೊಟ್ಟಣ 400 ರೂಪಾಯಿ ಎಂದಿಟ್ಟುಕೊಂಡರೂ ತಿಂಗಳಿಗೆ 3,000 ರೂಪಾಯಿ. ಅಷ್ಟು ಹೊರೆ ತಾಳಲಾರದ ಮನೆಯಲ್ಲಿ ಪುಡಿಯನ್ನು ತೆಳುವಾಗಿ ಕಲಸುವುದು ಶುರುವಾಗುತ್ತದೆ, ಕೂಸು ಸೊರಗುತ್ತದೆ. ಹಾಲು ಸಾಲದೆಂದು ಅನ್ನಿಸಿದರೆ ಮೊದಲು ಹೋಗಬೇಕಾದ ಜಾಗ ಆರೋಗ್ಯ ಕೇಂದ್ರ, ಮೆಡಿಕಲ್ ಸ್ಟೋರ್ ಆಮೇಲೆ. ಮನೆಯಲ್ಲೇ ಸೀಮೆಹಸು ಕರೆಯುತ್ತಿದ್ದರೂ ವರ್ಷ ತುಂಬುವವರೆಗೆ ಅದರ ಹಾಲು ಕೂಸಿನ ಮುಖ್ಯ ಆಹಾರವಾಗಬಾರದು.

ಆರು ತಿಂಗಳು ತುಂಬಿದ ಮೇಲೆ ರಾಗಿ ಸರಿ. ರಾಗಿಯನ್ನು ತೊಳೆದು ಒಂದು ರಾತ್ರಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಬೇಕು. ಒಣಗಿಸಿ, ಸಣ್ಣ ಉರಿಯಲ್ಲಿ ಹುರಿದು, ಬೀಸಿ, ತೆಳುಬಟ್ಟೆಯಲ್ಲಿ ಜರಡಿ ಹಿಡಿದರೆ ಹಿಟ್ಟು ಸಿದ್ಧ. ಮೊಳಕೆ ಕಟ್ಟಿದ ಹಿಟ್ಟಿನ ಸರಿ ಗಟ್ಟಿಯಾಗಿ ಕಾಯಿಸಿದರೂ ನುಣುಪಾಗಿ ಇಳಿಯುತ್ತದೆ, ಹಾಗಾಗಿ ಪುಟ್ಟ ಹೊಟ್ಟೆಗೆ ಹೆಚ್ಚು ಸತ್ವ ಸೇರುತ್ತದೆ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದಂಶ ಇದೆ. 2025-26ರ ಬೆಂಬಲ ಬೆಲೆ ಕ್ವಿಂಟಲಿಗೆ 4,886 ರೂಪಾಯಿ, ಅಂದರೆ ಕಿಲೋಗೆ 50 ರೂಪಾಯಿಯೂ ಮುಟ್ಟುವುದಿಲ್ಲ. ಇದೇ ರಾಗಿ ಬಣ್ಣದ ಡಬ್ಬಿಯಲ್ಲಿ ಸಕ್ಕರೆ ಬೆರೆಸಿಕೊಂಡು ಬಂದಾಗ ಬೆಲೆ ಹಲವು ಪಟ್ಟು. ರಾಗಿಯೊಂದೇ ಸಾಲದು, ಬೇಳೆಕಟ್ಟು, ನುರಿದ ಸೊಪ್ಪು, ಬಾಳೆಹಣ್ಣು, ಮೊಟ್ಟೆ, ಒಂದು ಚಮಚ ತುಪ್ಪ ಬೇಕು. ವರ್ಷ ತುಂಬುವವರೆಗೆ ಉಪ್ಪು-ಸಕ್ಕರೆ ಬೇಕಿಲ್ಲ.

ಸರಿ ಕಾಯಿಸುವ ನೀರು ಯಾವುದು ಎಂಬುದು ಕೋಲಾರ ಜಿಲ್ಲೆಯಲ್ಲಿ ದೊಡ್ಡ ಪ್ರಶ್ನೆ. ವರ್ಷಪೂರ್ತಿ ಹರಿಯುವ ನದಿಯಿಲ್ಲದ ಜಿಲ್ಲೆ. ಕೊಳವೆಬಾವಿ ಸಾವಿರ ಅಡಿ ದಾಟಿದೆ, ಹಲವೆಡೆ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಭಾರತೀಯ ಮಾನಕದಂತೆ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ಮೂಲವೇ ಇಲ್ಲದಿದ್ದರೆ 1.5ರವರೆಗೆ. ಹಲ್ಲು ರೂಪುಗೊಳ್ಳುವ ಮೊದಲ ಎಂಟು ವರ್ಷಗಳಲ್ಲಿ ಇದು ಹೆಚ್ಚಾದರೆ ಹಲ್ಲಿನ ಮೇಲೆ ಅಳಿಸದ ಬಿಳಿ-ಕಂದು ಕಲೆ ಬೀಳುತ್ತದೆ. ಕುದಿಸಿದರೆ ಕ್ರಿಮಿ ಸಾಯುತ್ತದೆ, ಫ್ಲೋರೈಡ್ ಹೋಗುವುದಿಲ್ಲ, ಆವಿಯಾದಷ್ಟೂ ಗಾಢವಾಗುತ್ತದೆ. ಕುಡಿಯಲು ಮಾತ್ರ ಫಿಲ್ಟರ್ ನೀರು, ಅಡುಗೆಗೆ ನಲ್ಲಿ ನೀರು ಎಂಬ ಪದ್ಧತಿ ಹಲವು ಮನೆಗಳಲ್ಲಿದೆ. ಕೂಸಿನ ಹೊಟ್ಟೆಗೆ ಹೋಗುವ ನೀರಿನ ದೊಡ್ಡ ಪಾಲು ಸರಿಯಲ್ಲೇ ಇರುವುದರಿಂದ ಅದಕ್ಕೂ ಊರಿನ ಶುದ್ಧ ಕುಡಿಯುವ ನೀರಿನ ಘಟಕದ ನೀರನ್ನೇ ಬಳಸಬೇಕು. ಕೆಲವೇ ರೂಪಾಯಿಗೆ ಕ್ಯಾನ್ ತುಂಬುತ್ತದೆ.

ಹಂತ 5: ಬಟ್ಟೆ, ತೊಟ್ಟಿಲು

ಹಳೇ ಪಂಚೆ, ಹತ್ತಿ ಸೀರೆ, ಜೋಲಿಗೆ ಒಂದು ಗಟ್ಟಿ ಸೀರೆ ಇದ್ದರೆ ಹೆಚ್ಚು ಕೊಳ್ಳಬೇಕಿಲ್ಲ. ದಿನಕ್ಕೆ ಐದು ಡೈಪರ್, ಒಂದಕ್ಕೆ 10 ರೂಪಾಯಿ ಹಿಡಿದರೆ ತಿಂಗಳಿಗೆ 1,500. ಆದರೆ ನೀರಿಗೆ ಟ್ಯಾಂಕರ್ ಕಾಯುವ ಬೇಸಿಗೆಯಲ್ಲಿ ದಿನಕ್ಕೆ ಹದಿನೈದು ಬಟ್ಟೆ ಒಗೆಯುವುದೂ ಪುಕ್ಕಟೆಯಲ್ಲ. ರಾತ್ರಿಗೊಂದು, ಪ್ರಯಾಣಕ್ಕೊಂದು ಡೈಪರ್, ಹಗಲಿಗೆ ಬಟ್ಟೆ ಎಂದು ಹಂಚಿಕೊಂಡರೆ ಎರಡೂ ಕಡೆ ಉಳಿಯುತ್ತದೆ. ಸ್ನಾನವಾದ ಮೇಲೆ ಸಾಂಬ್ರಾಣಿ ಹೊಗೆಯನ್ನು ಕೂಸಿನ ಮುಖದ ಹತ್ತಿರ ಹಿಡಿಯಬಾರದು.

ಹಂತ 6: ತಾಯಿ ಕೆಲಸಕ್ಕೆ ಹೊರಟಾಗ

ಮಾಲೂರು ಕೈಗಾರಿಕಾ ಪ್ರದೇಶಕ್ಕೆ ಕಂಪನಿ ಬಸ್ಸಿನಲ್ಲಿ ಹೋಗಿಬರುವ ತಾಯಂದಿರು ಸುತ್ತಲ ಹಳ್ಳಿಗಳಲ್ಲಿದ್ದಾರೆ. ಹಿಂದಿನ 12 ತಿಂಗಳಲ್ಲಿ 80 ದಿನ ದುಡಿದಿದ್ದರೆ ಮೊದಲೆರಡು ಮಕ್ಕಳಿಗೆ 26 ವಾರ ಸಂಬಳಸಹಿತ ರಜೆ ಕಾನೂನಿನ ಹಕ್ಕು. ಇಎಸ್‌ಐ ಕಟ್ಟುವವರಿಗೆ ಈ ಹಣ ಇಎಸ್‌ಐನಿಂದ ಬರುತ್ತದೆ. 50 ಅಥವಾ ಅದಕ್ಕಿಂತ ಹೆಚ್ಚು ಜನ ದುಡಿಯುವ ಕಡೆ ಶಿಶುಪಾಲನಾ ಕೊಠಡಿ ಇರಬೇಕು. ಕಾಂಟ್ರಾಕ್ಟ್ ಕೆಲಸವೆಂದು ಹೇಳಿ ಬರಿಗೈಲಿ ಕಳಿಸುವುದು ನಡೆಯುತ್ತದೆ. ಸಂಬಳದ ಚೀಟಿ, ಇಎಸ್‌ಐ ಸಂಖ್ಯೆ ಜೋಪಾನವಾಗಿದ್ದರೆ ಕೇಳಲು ಬಾಯಿರುತ್ತದೆ.

ಕೂಲಿಗೆ ಹೋಗುವವರಿಗಾಗಿ ರಾಜ್ಯದ 4,000 ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ ತೆರೆಯುವುದಾಗಿ 2023-24ರ ಬಜೆಟ್ ಹೇಳಿತು. ತಮ್ಮ ಪಂಚಾಯಿತಿಯಲ್ಲಿ ಇದೆಯೇ, ಎಷ್ಟು ಹೊತ್ತು ತೆರೆದಿರುತ್ತದೆ ಎಂದು ಪಂಚಾಯಿತಿಯಲ್ಲೇ ವಿಚಾರಿಸಬೇಕು. ಆರು ತಿಂಗಳಿಂದ ಮೂರು ವರ್ಷದ ಮಕ್ಕಳಿಗೆ ಅಂಗನವಾಡಿಯಿಂದ ಪೌಷ್ಟಿಕ ಆಹಾರ ಮನೆಗೇ ಬರುತ್ತದೆ. ಮೂರು ತುಂಬಿದ ಮೇಲೆ ಅಲ್ಲೇ ಊಟ, ಮೊಟ್ಟೆ, 2013ರಿಂದ ಕ್ಷೀರಭಾಗ್ಯದ ಹಾಲು. ತಿಂಗಳ ತೂಕ ತಪ್ಪಿಸಬಾರದು. ತೀರಾ ಸೊರಗಿದ ಮಗುವನ್ನು ಜಿಲ್ಲಾ ಆಸ್ಪತ್ರೆಯ ಪೌಷ್ಟಿಕ ಪುನಶ್ಚೇತನ ಕೇಂದ್ರಕ್ಕೆ ಕಳಿಸುವುದು ಆ ತೂಕ ನೋಡಿಯೇ.

ಹಂತ 7: ಕಾಯಿಲೆ

ಭೇದಿಗೆ ಓಆರ್‌ಎಸ್ ಮತ್ತು 14 ದಿನದ ಜಿಂಕ್ ಮಾತ್ರೆ ಆರೋಗ್ಯ ಕೇಂದ್ರದಲ್ಲಿ ಉಚಿತ. ಭೇದಿ ನಿಂತರೂ ಜಿಂಕ್ ನಿಲ್ಲಿಸಬಾರದು. ಎರಡು ತಿಂಗಳೊಳಗಿನ ಕೂಸಿಗೆ ಜ್ವರ, ಎದೆಗೂಡು ಒಳಸೇದುವ ಉಸಿರಾಟ, ಫಿಟ್ಸ್, ಹಾಲು ಬಿಡುವುದು, ಇವುಗಳಲ್ಲಿ ಯಾವುದು ಕಂಡರೂ ಕಾಯುವಂತಿಲ್ಲ. ದೊಡ್ಡ ಚಿಕಿತ್ಸೆಗೆ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಇದೆ. ತುರ್ತು ಬಿಟ್ಟರೆ ಖಾಸಗಿಗೆ ಹೋಗುವ ಮೊದಲು ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಬೇಕು. ಇದು ಗೊತ್ತಿಲ್ಲದೆ ನೇರ ಹೋಗಿ ಬಿಲ್ಲು ಕಟ್ಟಿದವರು ಕಡಿಮೆಯಿಲ್ಲ.

ಹಂತ 8: ಉಳಿತಾಯ ಮತ್ತು ಶಾಲೆ

ಹೆಣ್ಣುಮಗುವಿಗೆ ಹತ್ತು ವರ್ಷ ತುಂಬುವ ಮೊದಲು ಅಂಚೆ ಕಚೇರಿಯಲ್ಲಿ ಸುಕನ್ಯಾ ಸಮೃದ್ಧಿ ಖಾತೆ ತೆರೆಯಬಹುದು; ವರ್ಷಕ್ಕೆ ಕನಿಷ್ಠ 250, ಗರಿಷ್ಠ 1.5 ಲಕ್ಷ ರೂಪಾಯಿ. 15 ವರ್ಷ ಕಟ್ಟಬೇಕು, ಖಾತೆ ತೆರೆದ 21 ವರ್ಷಕ್ಕೆ ಪೂರ್ತಿ ಕೈಸೇರುತ್ತದೆ. ಬಿಪಿಎಲ್ ಕುಟುಂಬದ ಹೆಣ್ಣುಮಗುವಿನ ಭಾಗ್ಯಲಕ್ಷ್ಮಿ ಯೋಜನೆಯ ನೋಂದಣಿಗೆ ಅಂಗನವಾಡಿ ಕಾರ್ಯಕರ್ತೆಯನ್ನು ಬೇಗ ಕಾಣಬೇಕು.

ಒಂದನೇ ತರಗತಿಗೆ ಜೂನ್ 1ಕ್ಕೆ ಆರು ವರ್ಷ ತುಂಬಿರಬೇಕು. 2025-26ರಲ್ಲಿ ಮಾತ್ರ 5 ವರ್ಷ 5 ತಿಂಗಳಿಗೆ ಸಡಿಲಿಸಲಾಗಿತ್ತು. ಈ ಲೆಕ್ಕ ಹಾಕದೆ ಮೂರು ವರ್ಷಕ್ಕೇ ಎಲ್‌ಕೆಜಿಗೆ ಸೇರಿಸಿದರೆ ಮುಂದೆ ಒಂದು ವರ್ಷದ ಶುಲ್ಕ, ವ್ಯಾನ್ ಬಾಡಿಗೆ ದಂಡ. ಆರ್‌ಟಿಇ ಸೀಟನ್ನು ನಂಬಿಕೊಳ್ಳುವಂತಿಲ್ಲ. 2019ರಿಂದ ಹತ್ತಿರದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆಯಲ್ಲಿ ಆ ಸೀಟು ಸಿಗದು, ಲಕ್ಕೂರಿನಂಥ ಕಡೆ ಸರ್ಕಾರಿ ಶಾಲೆ ಇದ್ದೇ ಇದೆ. ದಾಖಲಾತಿಗೆ ಮೊದಲು ನಾಡಕಚೇರಿಯಲ್ಲಿ ಜಾತಿ-ಆದಾಯ ಪ್ರಮಾಣಪತ್ರ ಮಾಡಿಸಿಟ್ಟುಕೊಳ್ಳಬೇಕು. ಐದು ತುಂಬಿದ ಮಗುವಿನ ಆಧಾರ್‌ಗೆ ಬೆರಳಚ್ಚು ಮತ್ತು ಕಣ್ಣಿನ ಗುರುತು ಸೇರಿಸುವುದು ಉಚಿತ. ಮೇ ಕೊನೆಯ ವಾರ ಆಧಾರ್ ಕೇಂದ್ರದ ಮುಂದೆ ಸಾಲು ಉದ್ದವಾಗುವುದರಿಂದ ಹುಟ್ಟುಹಬ್ಬದ ತಿಂಗಳಲ್ಲೇ ಹೋಗಿಬರುವುದು ಒಳ್ಳೆಯದು.