ಸಮುದಾಯ ಭವನದ ದೀಪಗಳೂ ತಂತಿಗಳೂ

ಊರಿನವರು ಕೂಡಿ ಒಂದು ಸಮುದಾಯ ಭವನವನ್ನು ಕಟ್ಟಿಸಬೇಕೆಂದು ನಿಶ್ಚಯಿಸಿದಾಗ ಅವರ ಮಾತೆಲ್ಲಾ ಗೋಡೆ, ಮಾಳಿಗೆ, ಬಾಗಿಲುಗಳ ವಿಷಯವಾಗಿಯೇ ಇರುತ್ತದೆ. ದೀಪಗಳ ಮಾತು ಬರುವದು ಕಟ್ಟಡವೂ ಮುಗಿಯುತ್ತಾ, ಕೂಡಿಸಿದ ಹಣವೂ ಮುಗಿಯುತ್ತಾ ಬಂದಾಗಲೇ. ಆಗ ಹೊಸ ಗಾರೆಯನ್ನು ಒಡೆದು ಕೊಳವೆಗಳನ್ನು ಹೂಳಬೇಕಾಗುತ್ತದೆ. ಇಲ್ಲವೆ ತಂತಿಗಳನ್ನು ಗೋಡೆಯ ಮೇಲೆಯೇ ತೂಗಾಡಬಿಡುತ್ತಾರೆ. ಉಳಿದ ಅಲ್ಪ ಹಣವು ಕಣ್ಣಿಗೆ ಕಾಣುವ ಗೊಂಚಲು ದೀಪಕ್ಕೆ ಹೋಗುತ್ತದೆ, ಪ್ರಾಣವನ್ನು ಕಾಯುವ ಭೂಮಿತಂತಿಗೆ ಏನೂ ಉಳಿಯುವದಿಲ್ಲ. ಹೀಗಾಗದಂತೆ ಮೊದಲೇ ಯೋಚಿಸಬೇಕಾದ ಸಂಗತಿಗಳನ್ನು ಈ ಪಾಠದಲ್ಲಿ ಬರೆಯುತ್ತೇವೆ.

ನಮ್ಮ ನಾಡಿಗೆ ವಿದ್ಯುಚ್ಛಕ್ತಿಯು ಹೊಸದಲ್ಲ. 1902ರಲ್ಲಿಯೇ ಶಿವನಸಮುದ್ರದ ಜಲಪಾತದಿಂದ ಕೋಲಾರದ ಚಿನ್ನದ ಗಣಿಗಳಿಗೆ ಅದು ಹರಿಯಿತು. 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ಅದರ ದೀಪಗಳು ಬೆಳಗಿದವು. ಹಳ್ಳಿಗಳಲ್ಲಾದರೋ ಬಹುಕಾಲದ ವರೆಗೆ ಪೆಟ್ರೋಮ್ಯಾಕ್ಸ್ ದೀಪವೇ ಗತಿಯಾಗಿತ್ತು. ಒಂದೇ ದೀಪವನ್ನು ನಡುವೆ ತೂಗುಹಾಕಿ, ಮಾಡುವ ಕೆಲಸವನ್ನೆಲ್ಲಾ ಅದರ ಕೆಳಗೆ ತರುತ್ತಿದ್ದರು. ಆ ಅಭ್ಯಾಸವು ಇನ್ನೂ ಹೋಗಿಲ್ಲ. ಈಗಲೂ ಅನೇಕ ಭವನಗಳಲ್ಲಿ ದೀಪಗಳೆಲ್ಲಾ ನಡುವೆ, ಎಲ್ಲವಕ್ಕೂ ಒಂದೇ ಸ್ವಿಚ್ಚು. ಉರಿದರೆ ಎಲ್ಲಾ ಉರಿಯುತ್ತವೆ, ಇಲ್ಲದಿದ್ದರೆ ಕತ್ತಲೆ.

ಆದದರಿಂದ ಮೊದಲು ಕೇಳಬೇಕಾದ ಪ್ರಶ್ನೆ ಯಾವದು? ದೀಪಗಳೆಷ್ಟು ಬೇಕು ಎಂಬದಲ್ಲ. ಈ ಮನೆಯಲ್ಲಿ ಯಾರು, ಯಾವ ಹೊತ್ತಿನಲ್ಲಿ, ಏನು ಮಾಡುವರು ಎಂಬದೇ. ಬೆಳಿಗ್ಗೆ ಚಿಕ್ಕ ಮಕ್ಕಳು ನೆಲದ ಮೇಲೆ ಕೂತು ಆಡುವರು. ಮಧ್ಯಾಹ್ನ ಸ್ತ್ರೀಯರ ಸಂಘದವರು ಲೆಕ್ಕದ ಪುಸ್ತಕ ಬಿಚ್ಚುವರು, ಹೊಲಿಗೆ ಹೊಲಿಯುವರು. ಸಂಜೆ ಹತ್ತನೆಯ ತರಗತಿಯ ಮಕ್ಕಳು ಓದುವದಕ್ಕೆ ಬರುವರು. ಮದುವೆಗಳು ಆಗುವವು; ಚುನಾವಣೆಯ ದಿನ ಅದೇ ಮತಗಟ್ಟೆ; ವೈದ್ಯರು ಬಂದರೆ ಅದೇ ಆಸ್ಪತ್ರೆ. 2019ರ ಆಗಸ್ಟ್ ತಿಂಗಳಲ್ಲಿ ಕೃಷ್ಣಾ ಮಲಪ್ರಭಾ ನದಿಗಳು ಉಕ್ಕಿದಾಗ ಮನೆಗಳನ್ನು ಬಿಟ್ಟು ಬಂದವರು ಇಂಥಾ ಕಟ್ಟಡಗಳಲ್ಲಿಯೇ ರಾತ್ರಿಗಳನ್ನು ಕಳೆದರೆಂಬದನ್ನು ಮರೆಯಬಾರದು. ಈ ಉಪಯೋಗಗಳನ್ನೆಲ್ಲಾ ಒಂದು ಕಾಗದದಲ್ಲಿ ಹೊತ್ತುಸಹಿತವಾಗಿ ಬರೆದು, ತಂತಿಯ ಕೆಲಸದವನಿಗೆ ಅದನ್ನು ಕೊಡಬೇಕು. ಸ್ತ್ರೀಯರನ್ನೂ ಅಡಿಗೆಯವರನ್ನೂ ಕೇಳದೆ ಈ ಪಟ್ಟಿಯನ್ನು ಮಾಡಬಾರದು. ಸಾಕೆಟ್ಟು ಎಲ್ಲಿ ಇರಬೇಕೆಂದು ರುಬ್ಬುವವಳಿಗೆ ತಿಳಿದಷ್ಟು ಕಮಿಟಿಯ ಅಧ್ಯಕ್ಷರಿಗೆ ತಿಳಿಯಲಾರದು.

ಇನ್ನು ಬೆಳಕಿನ ಲೆಕ್ಕವನ್ನು ನೋಡೋಣ. ದೀಪವು ಕೊಡುವ ಬೆಳಕನ್ನು ಲ್ಯೂಮೆನ್ ಎಂಬ ಅಳತೆಯಿಂದ ಎಣಿಸುತ್ತಾರೆ. ಒಂದು ಚದರ ಮೀಟರು ಜಾಗದ ಮೇಲೆ ಒಂದು ಲ್ಯೂಮೆನ್ ಬೆಳಕು ಬಿದ್ದರೆ ಅದು ಒಂದು ಲಕ್ಸ್. ಜನರು ಕೂತು ಕೇಳುವದಕ್ಕೂ ಊಟಮಾಡುವದಕ್ಕೂ 100ರಿಂದ 150 ಲಕ್ಸ್ ಸಾಕು. ಓದಿ ಬರೆಯುವದಕ್ಕಾದರೆ ಸುಮಾರು 300 ಲಕ್ಸ್ ಬೇಕು. ನಮ್ಮ ಭವನವು 40 ಅಡಿ ಉದ್ದ, 25 ಅಡಿ ಅಗಲ ಇದೆ ಎಂದು ಇಟ್ಟುಕೊಳ್ಳಿರಿ. ಅದು 1000 ಚದರ ಅಡಿ, ಅಂದರೆ ಸುಮಾರು 93 ಚದರ ಮೀಟರು. ಇದನ್ನು ಉದ್ದಕ್ಕೆ ಮೂರು ಅಂಕಣಗಳಾಗಿ ಭಾಗಿಸಿದರೆ ಒಂದೊಂದು ಅಂಕಣವು 31 ಚದರ ಮೀಟರು ಆಗುವದು. 20 ವಾಟಿನ ಎಲ್.ಇ.ಡಿ. ಕೊಳವೆದೀಪವು ಸುಮಾರು 2000 ಲ್ಯೂಮೆನ್ ಕೊಡುತ್ತದೆ. ಆದರೆ ಗೋಡೆಗೆ ತಗಲಿ ನಷ್ಟವಾಗುವದನ್ನೂ ಧೂಳು ಕೂತು ಮಂಕಾಗುವದನ್ನೂ ಕಳೆದರೆ ಕೆಲಸದ ಜಾಗಕ್ಕೆ ಮುಟ್ಟುವದು ಅದರಲ್ಲಿ ಅರ್ಧವೆಂದೇ ತಿಳಿಯಬೇಕು. ಅದೂ ಗೋಡೆಗೆ ಬಿಳೀ ಸುಣ್ಣವಿದ್ದರೆ.

ಹೀಗಿರಲಾಗಿ ಒಂದು ಅಂಕಣಕ್ಕೆ ನಾಲ್ಕು ಕೊಳವೆದೀಪಗಳನ್ನು ಹಾಕಿದರೆ ಸುಮಾರು 130 ಲಕ್ಸ್ ಸಿಕ್ಕುವದು. ಸಭೆಗೂ ಊಟಕ್ಕೂ ಇದು ಯಥೇಷ್ಟ. ಓದುವದಕ್ಕೋಸ್ಕರ ಇಡೀ ಭವನವನ್ನು ಬೆಳಗಿಸುವದು ವ್ಯರ್ಥ. ಒಂದು ಅಂಕಣಕ್ಕೆ ಮಾತ್ರ ಇನ್ನೂ ಆರು ದೀಪಗಳನ್ನು ಕೂಡಿಸಿ ಹತ್ತು ಮಾಡಿದರೆ ಅಲ್ಲಿ 300 ಲಕ್ಸಿಗೆ ಮೇಲಾಗುವದು. ಓದುವ ಮಕ್ಕಳೂ ಹೊಲಿಯುವ ಸ್ತ್ರೀಯರೂ ಅಲ್ಲಿಯೇ ಕೂತುಕೊಳ್ಳಲಿ. ಈ ಪ್ರಕಾರ ಭವನಕ್ಕೆಲ್ಲಾ ಹದಿನೆಂಟು ದೀಪಗಳು, 360 ವಾಟು. ಎಲ್ಲವನ್ನೂ ಮೂರು ತಾಸು ಉರಿಸಿದರೆ ಒಂದು ಯುನಿಟ್ಟಿಗಿಂತ ತುಸು ಹೆಚ್ಚು ಖರ್ಚಾಗುವದು. ಪ್ರತಿ ಅಂಕಣಕ್ಕೆ ಬೇರೆ ಸ್ವಿಚ್ಚು ಇಡಬೇಕು. ಎರಡು ಕಡೆ ಬಾಗಿಲುಗಳಿದ್ದರೆ ಬಾಗಿಲ ಬಳಿಯ ಒಂದು ದೀಪವನ್ನಾದರೂ ಎರಡೂ ಕಡೆಯಿಂದ ಹೊತ್ತಿಸಲಿಕ್ಕೂ ಆರಿಸಲಿಕ್ಕೂ ಆಗುವಂತೆ ಮಾಡಿರಿ. ಸ್ವಿಚ್ಚಿನ ಹಲಗೆಯನ್ನು ಬೀಗ ಹಾಕುವ ಕೋಣೆಯೊಳಗೆ ಇಡಬಾರದು. ಬೀಗದ ಕೈ ಇದ್ದವನು ಪೇಟೆಗೆ ಹೋದ ದಿನ ಊರಿಗೆಲ್ಲಾ ಕತ್ತಲೆಯಾಗುವದು.

ವೇದಿಕೆಯ ವಿಷಯವಾಗಿ ಒಂದು ಮಾತು. ಮಾತಾಡುವವನ ಬೆನ್ನ ಹಿಂದೆ ಕಿಟಿಕಿಯಾಗಲಿ ಪ್ರಖರವಾದ ದೀಪವಾಗಲಿ ಇದ್ದರೆ ಕೂತವರಿಗೆ ಅವನ ಮುಖವು ಕಪ್ಪಾಗಿ ಕಾಣುವದು. ತಲೆಯ ಮೇಲೆಯೇ ನೇರವಾಗಿ ಇದ್ದರೆ ಕಣ್ಣುಗಳ ಕೆಳಗೆ ನೆರಳು ಬೀಳುವದು. ವೇದಿಕೆಯ ಅಂಚಿನಿಂದ ಆರೆಂಟು ಅಡಿ ಮುಂದಕ್ಕೆ, ಮೇಲಿನಿಂದ ಓರೆಯಾಗಿ ಬೆಳಕು ಬೀಳುವಂತೆ ದೀಪಗಳನ್ನು ಕಟ್ಟಬೇಕು. ವೇದಿಕೆಯ ಎಡಕ್ಕೂ ಬಲಕ್ಕೂ ಸಾಕೆಟ್ಟುಗಳಿದ್ದರೆ ಧ್ವನಿವರ್ಧಕದ ತಂತಿಯು ಜನರು ನಡೆಯುವ ದಾರಿಗೆ ಅಡ್ಡವಾಗದು. ಮಕ್ಕಳಿರುವ ಕಡೆಯಲ್ಲಿ ಒಳಗೆ ಮುಚ್ಚಳವಿರುವ ಸಾಕೆಟ್ಟುಗಳನ್ನೇ ಹಾಕಿಸಿರಿ.

ಈಗ ಒಟ್ಟು ಭಾರವನ್ನು ಕೂಡಿಸೋಣ. ದೀಪಗಳು 360 ವಾಟು, 75 ವಾಟಿನ ಎಂಟು ಪಂಖಗಳು 600, ಜಗಲಿ, ಅಡಿಗೆಮನೆ, ಪಾಯಖಾನೆಗಳ 9 ವಾಟಿನ ಹತ್ತು ಬಲ್ಬುಗಳು 90, ಧ್ವನಿವರ್ಧಕಕ್ಕೆ 500. ಅಡಿಗೆಮನೆಯಲ್ಲಿ ಒಂದು ಕುದುರೆಶಕ್ತಿಯ ರುಬ್ಬುವ ಯಂತ್ರಕ್ಕೆ ಸುಮಾರು 1000, ಮಿಕ್ಸಿಗೆ 750. ನೀರಿನ ಪಂಪಿಗೆ ಇನ್ನೊಂದು 1000. ಎಲ್ಲಾ ಕೂಡಿ 4300 ವಾಟು. ಇವೆಲ್ಲಾ ಒಂದೇ ಹೊತ್ತಿನಲ್ಲಿ ನಡೆಯುವದು ಅಪರೂಪವಾದದರಿಂದ, ಮದುವೆಯ ಅಲಂಕಾರ ದೀಪಗಳನ್ನು ಸೇರಿಸಿದರೂ ಐದು ಕಿಲೋವಾಟಿನ ಮಂಜೂರಾತಿಯು ಇಂಥಾ ಭವನಕ್ಕೆ ಸಾಕೆಂದು ನಮಗೆ ತೋಚುತ್ತದೆ. ಹೆಚ್ಚು ಬರೆಯಿಸಬಾರದು, ಯಾಕಂದರೆ ಮಂಜೂರಾದ ಪ್ರತಿ ಕಿಲೋವಾಟಿಗೂ, ದೀಪ ಹೊತ್ತಿಸಲಿ ಬಿಡಲಿ, ತಿಂಗಳು ತಿಂಗಳು ನಿಗದಿಯಾದ ಶುಲ್ಕವನ್ನು ಕೊಡಬೇಕು. ಇನ್ನೊಂದು ಲೆಕ್ಕ ನೋಡಿರಿ. 75 ವಾಟಿನ ಪಂಖಗಳಿಗೆ ಬದಲಾಗಿ ಈಗ ಸಿಕ್ಕುವ 30 ವಾಟಿನ ಹೊಸ ಬಗೆಯ ಪಂಖಗಳನ್ನು ಕೊಂಡರೆ 360 ವಾಟು ಉಳಿಯುತ್ತದೆ. ಭವನದ ಹದಿನೆಂಟು ದೀಪಗಳೂ ಉರಿಯುವದು ಅಷ್ಟರಿಂದಲೇ!

ಈ ಭಾರವನ್ನೆಲ್ಲಾ ಒಂದೇ ತಂತಿಯ ಮೇಲೆ ಹೊರಿಸಬಾರದು. ದೀಪ ಪಂಖಗಳ ಒಂದೊಂದು ಸಾಲಿಗೆ ಹತ್ತು ಪಾಯಿಂಟುಗಳಿಗಾಗಲಿ 800 ವಾಟಿಗಾಗಲಿ ಮೀರದಂತೆ ನೋಡುವದು ವಾಡಿಕೆ. ಅಂಕಣದ ದೀಪಗಳನ್ನು ಒಂದು ಬಿಟ್ಟು ಒಂದರಂತೆ ಎರಡು ಸಾಲುಗಳಿಗೆ ಹಂಚಿದರೆ, ಒಂದು ಸಾಲು ಕೆಟ್ಟರೂ ಅರ್ಧ ಬೆಳಕು ಉಳಿಯುವದು. ತುಂಬಿದ ಸಭೆಯಲ್ಲಿ ಗಾಬರಿಯಿಂದ ನೂಕಾಟವಾಗದು. ಇವುಗಳಿಗೆ ಒಂದೂವರೆ ಚದರ ಮಿಲಿಮೀಟರಿನ ತಾಮ್ರದ ತಂತಿ ಸಾಕು. 16 ಆಂಪಿಯರಿನ ಸಾಕೆಟ್ಟುಗಳಿಗೆ ಎರಡೂವರೆಯದು ಬೇಕು. ಅಡಿಗೆಮನೆಯು 40 ಮೀಟರು ದೂರವಿದ್ದರೆ ಅದೂ ಸಾಲದು. ಹೋಗಿ ಬರುವ ದಾರಿ 80 ಮೀಟರು. ಅಷ್ಟು ದೂರಕ್ಕೆ ಸಪೂರವಾದ ಒಂದೂವರೆಯ ತಂತಿಯಲ್ಲಿ 10 ಆಂಪಿಯರು ಹರಿದರೆ ಹತ್ತಿರ ಹತ್ತಿರ 10 ವೋಲ್ಟು ದಾರಿಯಲ್ಲಿಯೇ ಇಂಗಿ, ಸುಮಾರು 100 ವಾಟು ತಂತಿಯನ್ನು ಕಾಯಿಸುವದಕ್ಕೆ ಹೋಗುವದು. ನಾಲ್ಕು ಚದರ ಮಿಲಿಮೀಟರಿನ ತಂತಿಯಲ್ಲಾದರೆ ಕಳೆಯುವದು 4 ವೋಲ್ಟಿಗೂ ಕಡಿಮೆ. ಸಂಜೆಯ ಹೊತ್ತು 230 ವೋಲ್ಟೇ ಬಾರದ ಹಳ್ಳಿಗಳಲ್ಲಿ ಈ ವ್ಯತ್ಯಾಸವು ಸಣ್ಣದಲ್ಲ.

ಪ್ರತಿಯೊಂದು ಸಾಲಿಗೂ ಎಂ.ಸಿ.ಬಿ. ಎಂಬ ಕಾವಲು ಸ್ವಿಚ್ಚು ಇರುತ್ತದೆ. ತಂತಿಯು ತಾಳಲಾರದಷ್ಟು ಪ್ರವಾಹ ಬಂದರೆ ಅದು ತಾನಾಗಿ ಬೀಳುವದು. ಪದೇಪದೇ ಬೀಳುತ್ತದೆಂದು ಕೆಲವರು ಅದನ್ನು ತೆಗೆದು ದೊಡ್ಡದನ್ನು ಹಾಕಿಸುತ್ತಾರೆ. ಕಾವಲುಗಾರನು ಕೂಗುತ್ತಾನೆಂದು ಅವನನ್ನು ಬಿಡಿಸಿದ ಹಾಗಾಯಿತು. ಆ ಮೇಲೆ ಕಾಯುವದೂ ಉರಿಯುವದೂ ಗೋಡೆಯೊಳಗಿನ ತಂತಿಯೇ.

ಆದರೆ ಎಂ.ಸಿ.ಬಿ. ಕಾಯುವದು ತಂತಿಯನ್ನು, ಮನುಷ್ಯನನ್ನಲ್ಲ. ಇದನ್ನು ಎಲ್ಲರೂ ಚೆನ್ನಾಗಿ ಗ್ರಹಿಸಬೇಕಾದದರಿಂದ ಸ್ವಲ್ಪ ವಿಸ್ತಾರವಾಗಿ ಹೇಳುತ್ತೇವೆ. ಮದುವೆಯ ಹಿಂದಿನ ರಾತ್ರಿ ಒಬ್ಬಾಕೆ ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಂತು ರುಬ್ಬುವ ಯಂತ್ರವನ್ನು ನಡಿಸುತ್ತಿದ್ದಾಳೆನ್ನಿರಿ. ಯಂತ್ರದೊಳಗೆ ತಂತಿಯ ಹೊದಿಕೆ ಸವೆದು ಅದು ಕಬ್ಬಿಣದ ಮೈಗೆ ತಗಲಿತು. ಯಂತ್ರವು ಮೊದಲಿನಂತೆಯೇ ತಿರುಗುವದು, ನೋಡುವವರಿಗೆ ಏನೂ ತಿಳಿಯದು. ಆದರೆ ಆ ಮೈಯಲ್ಲಿ ಈಗ 230 ವೋಲ್ಟು ಇದೆ. ಭೂಮಿತಂತಿ, ಅಂದರೆ ಅರ್ಥಿಂಗ್, ಇಲ್ಲದಿದ್ದರೆ ಅದು ನೆಲಕ್ಕೆ ಇಳಿಯುವ ದಾರಿ ಆಕೆಯ ದೇಹವೇ.

ಭೂಮಿತಂತಿ ಇದ್ದರೋ? ಪ್ರವಾಹವು ಆ ದಾರಿಯಿಂದ ಇಳಿಯುವದು. ಆದರೂ ಮಣ್ಣು ಒಣಗಿದ್ದು ಅದರ ತಡೆಯು 50 ಓಮ್ ಇದ್ದರೆ ಹರಿಯುವದು ನಾಲ್ಕೂವರೆ ಆಂಪಿಯರು ಮಾತ್ರ. 16 ಆಂಪಿಯರಿನ ಎಂ.ಸಿ.ಬಿ. ಇಷ್ಟಕ್ಕೆ ಎಂದೂ ಬೀಳದು. ಯಂತ್ರದ ಮೈಯೂ ಅಪಾಯಕರವಾಗಿಯೇ ಉಳಿಯುವದು. ಆದಕಾರಣ ಆರ್.ಸಿ.ಸಿ.ಬಿ. ಎಂಬ ಇನ್ನೊಂದು ಉಪಕರಣ ಬೇಕು. ಹೋದ ಪ್ರವಾಹವೆಷ್ಟು, ಹಿಂದಿರುಗಿದ್ದೆಷ್ಟು ಎಂದು ಅದು ಎಡೆಬಿಡದೆ ತೂಗುತ್ತಿರುತ್ತದೆ. 30 ಮಿಲಿಆಂಪಿಯರು, ಅಂದರೆ ಆಂಪಿಯರಿನ ಸಾವಿರದಲ್ಲಿ ಮೂವತ್ತು ಪಾಲು, ಬೇರೆ ದಾರಿಯಿಂದ ಸೋರಿದರೂ ಕಣ್ಣು ಮಿಟುಕಿಸುವಷ್ಟರಲ್ಲಿ ಎಲ್ಲವನ್ನೂ ಕಡಿದುಬಿಡುತ್ತದೆ. ಭೂಮಿತಂತಿಯೂ ಇದೂ ಎರಡೂ ಇದ್ದರೆ ಯಂತ್ರವು ಕೆಟ್ಟ ಕ್ಷಣದಲ್ಲಿಯೇ, ಯಾರೂ ಮುಟ್ಟುವದಕ್ಕೆ ಮುಂಚೆ, ಪ್ರವಾಹವು ನಿಲ್ಲುವದು. ಆದರೂ ಒಬ್ಬನು ಎರಡು ಕೈಗಳಿಂದ ಫೇಸನ್ನೂ ನ್ಯೂಟ್ರಲನ್ನೂ ಹಿಡಿದರೆ ಇದು ಅವನನ್ನು ಉಳಿಸಲಾರದೆಂಬದನ್ನೂ ತಿಳಿದಿರಬೇಕು. ಅಡಿಗೆಮನೆಗೂ ಅಂಗಳಕ್ಕೂ ಬೇರೆ ಆರ್.ಸಿ.ಸಿ.ಬಿ. ಹಾಕಿಸಿರಿ, ಮಳೆಯಲ್ಲಿ ನೆನೆದ ಅಲಂಕಾರ ದೀಪಗಳ ದೆಸೆಯಿಂದ ಭವನಕ್ಕೆಲ್ಲಾ ಕತ್ತಲೆಯಾಗಬಾರದು. ಅದರ ಮೇಲೆ ಪರೀಕ್ಷೆಯ ಗುಂಡಿಯೊಂದುಂಟು. ತಿಂಗಳಿಗೊಮ್ಮೆ ಒತ್ತಿ, ಬೀಳುತ್ತದೋ ಎಂದು ನೋಡಬೇಕು.

ಭೂಮಿತಂತಿಗಾಗಿ ಕಟ್ಟಡದಿಂದ ಒಂದೂವರೆ ಮೀಟರಾದರೂ ದೂರದಲ್ಲಿ, ತೇವ ನಿಲ್ಲುವ ಸ್ಥಳದಲ್ಲಿ, ಎರಡೂವರೆ ಮೀಟರು ಉದ್ದದ ಸತುವು ಲೇಪಿಸಿದ ಕಬ್ಬಿಣದ ಕೊಳವೆಯನ್ನು ಹೂಳುತ್ತಾರೆ. ಬಚ್ಚಲ ಅಥವಾ ಅಡಿಗೆಮನೆಯ ನೀರು ಹೋಗುವ ಕಡೆಯಾದರೆ ಬೇಸಿಗೆಯಲ್ಲಿಯೂ ಮಣ್ಣು ಒಣಗದು. ಕೆಲಸ ಮುಗಿದ ಮೇಲೆ ಒಂದೆರಡು ಸಾಕೆಟ್ಟುಗಳನ್ನು ಬಿಚ್ಚಿಸಿ ನೋಡಿರಿ. ದೊಡ್ಡ ತೂತಿಗೆ ಹಸುರು ತಂತಿ ಬಂದಿದೆಯೋ? ಕೆಲವರು ಹಸುರು ತಂತಿಯ ಖರ್ಚನ್ನು ಉಳಿಸುವದಕ್ಕಾಗಿ ನ್ಯೂಟ್ರಲಿನಿಂದಲೇ ಒಂದು ತುಂಡನ್ನು ಆ ತೂತಿಗೆ ಜೋಡಿಸಿಬಿಡುತ್ತಾರೆ. ಇದು ಮೋಸ ಮಾತ್ರವಲ್ಲ, ಕೊಲೆಗೆ ಸಮಾನವಾದದ್ದು. ಯಾಕಂದರೆ ನ್ಯೂಟ್ರಲ್ ಎಲ್ಲಿಯಾದರೂ ತುಂಡಾದ ದಿನ ಯಂತ್ರಗಳ ಮೈಗಳೆಲ್ಲಾ ಫೇಸ್ ಆಗುವವು.

ಜನರೇಟರಿನ ಮಾತನ್ನೂ ಹೇಳಬೇಕು. ಕರೆಂಟು ಹೋದಾಗ ಅದನ್ನು ತಂದು ಯಾವದೋ ಸಾಕೆಟ್ಟಿಗೆ ಸಿಕ್ಕಿಸುವವರಿದ್ದಾರೆ. ಆಗ ಶಕ್ತಿಯು ಭವನದಲ್ಲಿ ಮಾತ್ರ ನಿಲ್ಲದೆ, ಮೀಟರನ್ನು ದಾಟಿ ಹಳ್ಳಿಯವರು ಟೀಸಿ ಎನ್ನುವ ಟ್ರಾನ್ಸ್‌ಫಾರ್ಮರಿಗೆ ಹಿಮ್ಮುಖವಾಗಿ ಹೋಗಬಹುದು. ಅದು ಅಲ್ಲಿ ಮೇಲಿನ ತಂತಿಗಳಲ್ಲಿ 11,000 ವೋಲ್ಟಿನ ವರೆಗೂ ಏರಬಹುದು. ಲೈನು ಸತ್ತಿದೆ ಎಂದು ನಂಬಿ ಕಂಬ ಹತ್ತಿದ ಲೈನ್‌ಮನ್ನನ ಗತಿಯೇನು? ಅವನೂ ಯಾರದೋ ಮನೆಯ ಮಗನು. ಚೇಂಜ್‌ಓವರ್ ಸ್ವಿಚ್ಚನ್ನು ಮೊದಲೇ ಕೂಡಿಸಿದ್ದರೆ ಕಂಬದ ಸಂಬಂಧ ಕಡಿಯದೆ ಜನರೇಟರು ಸೇರಲಾರದು. ಅಂಗಳದ ಗೋಡೆಯಲ್ಲಿ ಮಳೆ ತಾಗದ ಪೆಟ್ಟಿಗೆಯೊಳಗೆ ಅಲಂಕಾರ ದೀಪಗಳಿಗಾಗಿ ಸಾಕೆಟ್ಟುಗಳನ್ನು ಇಡುವದೂ ಒಳ್ಳೇದು. ಅದು ಇಲ್ಲದ ಕಡೆಗಳಲ್ಲಿ ಅಲಂಕಾರದವರು ಕಂಬದ ತಂತಿಗೆ ಕೊಕ್ಕೆ ಹಾಕುತ್ತಾರೆ. ಅದು ಪ್ರಾಣಕ್ಕೆ ಅಪಾಯ, 2003ರ ವಿದ್ಯುತ್ ಕಾಯಿದೆಯ 135ನೆಯ ಕಲಮಿನ ಪ್ರಕಾರ ಕಳವೂ ಹೌದು.

ಈ ಕೆಲಸವನ್ನೆಲ್ಲಾ ಪರವಾನಗಿಯುಳ್ಳ ಗುತ್ತಿಗೆದಾರನಿಂದಲೇ ಮಾಡಿಸಬೇಕು, ಕಾನೂನೂ ಹಾಗೆಯೇ ಹೇಳುತ್ತದೆ. ಮಾಳಿಗೆಗೆ ಕಾಂಕ್ರೀಟು ಸುರಿಯುವ ಮುಂಚೆ ಪಂಖದ ಕೊಕ್ಕೆಗಳೂ ಕೊಳವೆಗಳೂ ಜಾಗದಲ್ಲಿ ಕೂತಿರಬೇಕು. ಹಂಚಿನ ಮಾಡಾದರೆ ಇಲಿಗಳೂ ಅಳಿಲುಗಳೂ ಕಡಿಯದಂತೆ ತಂತಿಯನ್ನು ಗಟ್ಟಿಯಾದ ಕೊಳವೆಯೊಳಗೇ ಒಯ್ಯಬೇಕು. ಗಾರೆ ಮಾಡುವದಕ್ಕೆ ಮೊದಲು ಪ್ರತಿಯೊಂದು ಗೋಡೆಯ ಚಿತ್ರವನ್ನು ಯಾರಾದರೂ ಮೊಬೈಲಿನಲ್ಲಿ ತೆಗೆದಿಟ್ಟುಕೊಂಡರೆ, ಮುಂದೆ ಮೊಳೆ ಹೊಡೆಯುವವನು ಎಲ್ಲಿ ಹೊಡೆಯಬಾರದೆಂದು ತಿಳಿದುಕೊಳ್ಳುವನು. ಯಾವ ಎಂ.ಸಿ.ಬಿ. ಯಾವ ಸಾಲಿನದೆಂದು ಕನ್ನಡದಲ್ಲಿ ದೊಡ್ಡ ಅಕ್ಷರಗಳಿಂದ ಬರೆಯಿಸಿ, ಆ ಹಾಳೆಯನ್ನು ಪೆಟ್ಟಿಗೆಯ ಬಾಗಿಲಿನ ಒಳಗಡೆ ಅಂಟಿಸಿ, ಇನ್ನೊಂದು ಪ್ರತಿಯನ್ನು ಕಮಿಟಿಯ ಪುಸ್ತಕದಲ್ಲಿ ಇಡತಕ್ಕದ್ದು.